ನೀಲಿ ಬಣ್ಣ ಕಂಡ ಮೇಲೆ

2003ರ ಮಾರ್ಚ್ 20ರಂದು ಕುವೈತಿನ ಮರಳುಗಾಡಿನಲ್ಲಿದ್ದ ನಮ್ಮ ಶಿಬಿರದಲ್ಲಿ ಸೈರನ್ ಕೂಗಿತು. ಇರಾಕ್ ಕಡೆಯಿಂದ ಕ್ಷಿಪಣಿ ಹೊರಟಿತ್ತು. ವಿಷಾನಿಲ ತಡೆಯುವ ಮುಖವಾಡ ಧರಿಸಲು ನಮಗಿದ್ದ ಗಡುವು 9 ಸೆಕೆಂಡು. ಕನ್ನಡಕ ಕಿತ್ತು ಜೇಬಿಗೆ ಹಾಕಿ, ಉಸಿರು ಬಿಗಿಹಿಡಿದು, ರಬ್ಬರನ್ನು ಗಲ್ಲಕ್ಕೆ ಒತ್ತಿ ಪಟ್ಟಿ ಎಳೆದುಕೊಂಡೆ. ನೀರಿಗೆ ಎಷ್ಟೇ ತತ್ವಾರವಿದ್ದರೂ ದಿನವೂ ಗಡ್ಡ ಬೋಳಿಸಲೇಬೇಕೆಂಬ ನಿಯಮದ ಅರ್ಥ ಆಗ ಹೊಳೆಯಿತು: ಕೂದಲಿದ್ದರೆ ರಬ್ಬರು ಚರ್ಮಕ್ಕೆ ಕಚ್ಚಿ ಕೂರುವುದಿಲ್ಲ.

ನಾನು ಹಾಸನ ಜಿಲ್ಲೆಯಿಂದ ಅಮೆರಿಕಕ್ಕೆ ವಲಸೆ ಹೋದ ಮನೆಯವನು. ಗ್ರೀನ್ ಕಾರ್ಡ್ ಇದ್ದಾಗಲೇ ಅಲ್ಲಿನ ಭೂಸೇನೆಯ ರಾಸಾಯನಿಕ ದಳಕ್ಕೆ ಸೇರಿದೆ. ಫೋನಿನಲ್ಲಿ ಅಮ್ಮ, "ವಿಷ ಹಾಕುವ ಕೆಲಸವೇನೋ ಅದು?" ಎಂದು ಕೇಳಿದ್ದಳು. ಅಲ್ಲ. ವಿಷವಿದೆಯೇ ಎಂದು ಪತ್ತೆ ಮಾಡುವುದು, ವಿಷ ತಗುಲಿದ ವಾಹನವನ್ನೂ ಮನುಷ್ಯರನ್ನೂ ತೊಳೆಯುವುದು ನಮ್ಮ ಕೆಲಸ. ಮಿಸ್ಸೂರಿಯ ಫೋರ್ಟ್ ಲಿಯೊನಾರ್ಡ್ ವುಡ್‌ನಲ್ಲಿ ತರಬೇತಿಯ ವೇಳೆ ಮುಚ್ಚಿದ ಕೋಣೆಯೊಂದರಲ್ಲಿ ನಮ್ಮನ್ನು ನಿಜವಾದ ನರವಿಷದ, ಅಂದರೆ ನರಮಂಡಲವನ್ನೇ ಕೆಡಿಸುವ ವಿಷದ, ಎದುರು ನಿಲ್ಲಿಸಿದ್ದರು. ವಿಷ ತಾಗಿದರೆ ಬಣ್ಣ ಬದಲಿಸುವ ಪತ್ತೆ ಕಾಗದ ಕಣ್ಣೆದುರೇ ಹಳದಿಗೆ ತಿರುಗಿತು. ಮೈಗೆ ತೊಟ್ಟ ರಕ್ಷಣಾ ಉಡುಪಿನ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಅಂದು.

1988ರಲ್ಲಿ ಇರಾಕಿನದೇ ಊರಾದ ಹಲಬ್ಜದ ಕುರ್ದರ ಮೇಲೆ ವಿಷಾನಿಲ ಸುರಿದದ್ದು ಸದ್ದಾಂನ ಸೇನೆಯೇ. ಹಾಗಾಗಿ ನಮ್ಮ ಭಯ ಹುಸಿಯಾಗಿರಲಿಲ್ಲ. 2003ರ ಯುದ್ಧದಲ್ಲಿ ಇರಾಕ್ ಸೇನೆ ವಿಷಾನಿಲವನ್ನು ಬಳಸಲೇ ಇಲ್ಲವೆಂದು ಈಗ ಎಲ್ಲರಿಗೂ ಗೊತ್ತು. ಅಂದು ಮುಖವಾಡದೊಳಗಿದ್ದ ನಮಗೆ ಗೊತ್ತಿರಲಿಲ್ಲ.

ಕ್ಷಿಪಣಿ ಬಿದ್ದಿತೋ, ಆಕಾಶದಲ್ಲೇ ಒಡೆಯಿತೋ, ನಂತರದ ಹೊಣೆ ನಮ್ಮ ಮೇಲಿತ್ತು. ಕೈಯಲ್ಲಿದ್ದದ್ದು ಎಂ256 ಎಂಬ ಪುಟ್ಟ ಪರೀಕ್ಷಾ ಪೆಟ್ಟಿಗೆ. ಅದರ ಹಲಗೆಯ ಮೇಲಿನ ಗಾಜಿನ ಕುಪ್ಪಿಗಳನ್ನು ದಪ್ಪ ರಬ್ಬರ್ ಗವಸಿನ ಬೆರಳಿನಿಂದಲೇ ಒಡೆಯಬೇಕು. ಒಡೆದದ್ದು ಕೈಗೆ ತಿಳಿಯುವುದಿಲ್ಲ, ಕಣ್ಣಿಟ್ಟು ನೋಡಬೇಕು. ಆಮೇಲೆ ಬಿಸಿಲು ತಾಗದಂತೆ ಹತ್ತು ನಿಮಿಷ ಗಾಳಿಗೆ ಹಿಡಿಯಬೇಕು. ನರವಿಷವನ್ನು ಹೇಳುವ ಜಾಗ ನಕ್ಷತ್ರದ ಆಕಾರದ್ದು. ಅದು ನೀಲಿಯಾದರೆ ಗಾಳಿ ಶುದ್ಧ, ಬಣ್ಣ ಬಾರದೆ ಹೋದರೆ ಅಪಾಯ. ಅಲ್ಲಿರುವ ಕಿಣ್ವ ಜೀವಂತವಾಗಿದ್ದರೆ ಮಾತ್ರ ಬಣ್ಣ ಬರುತ್ತದೆ. ನರವಿಷ ಮೊದಲು ಕೆಡಿಸುವುದು ಅಂಥ ಕಿಣ್ವವನ್ನೇ. ಬಣ್ಣಕ್ಕಾಗಿ ಅಷ್ಟು ಹಂಬಲಿಸಿ ನಾನು ಇನ್ಯಾವುದನ್ನೂ ನೋಡಿಲ್ಲ.

ಅಂದು ನೀಲಿ ಬಂತು. ಆದರೆ ಅಷ್ಟಕ್ಕೇ ಮುಖವಾಡ ತೆಗೆಯುವಂತಿಲ್ಲ. ಒಬ್ಬನನ್ನು ಆರಿಸಿ, ಅವನ ಬಂದೂಕು ತೆಗೆದಿಟ್ಟುಕೊಂಡು, ನೆರಳಿನಲ್ಲಿ ಐದು ನಿಮಿಷ ಬರಿ ಮುಖದಲ್ಲಿ ನಿಲ್ಲಿಸುತ್ತಾರೆ. ಮತ್ತೆ ಮುಖವಾಡ ಹಾಕಿಸಿ ಹತ್ತು ನಿಮಿಷ ಅವನ ಮೇಲೆ ಕಣ್ಣಿಡುತ್ತಾರೆ. ಅಂದು ಆಯ್ಕೆಯಾದವನಿಗೆ ಹತ್ತೊಂಬತ್ತು ವರ್ಷ. ಬಂದೂಕು ಕೊಟ್ಟ ಮೇಲೆ ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತೋಚದೆ ತೊಡೆಗೆ ಒರೆಸುತ್ತಿದ್ದ. ಅವನು ನೋಡುತ್ತಿದ್ದದ್ದು ಸಾರ್ಜೆಂಟರನ್ನಲ್ಲ, ನನ್ನನ್ನು. ನೀಲಿ ಎಂದು ಹೇಳಿದವನು ನಾನು.

ಅವನಿಗೆ ಏನೂ ಆಗಲಿಲ್ಲ. ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುಂದಿನ ಸಲ ಪರೀಕ್ಷೆ ಮುಗಿದಾಗ ಬಂದೂಕನ್ನು ನಾನೇ ಮುಂದೆ ಚಾಚಿದೆ. ಪೆಟ್ಟಿಗೆ ನಡೆಸಬಲ್ಲವನನ್ನು ಕಳೆದುಕೊಳ್ಳಲಾಗದು ಎಂದು ಸಾರ್ಜೆಂಟ್ ಒಪ್ಪಲಿಲ್ಲ. ಲೆಕ್ಕಕ್ಕೆ ಅವರ ಮಾತು ಸರಿ. ಆದರೂ ಬಣ್ಣ ಓದಿದವನೇ ಮೊದಲು ಉಸಿರಾಡಬೇಕೆಂದು ನಾನು ಪಟ್ಟು ಹಿಡಿದೆ, ಇವತ್ತಿಗೂ ನನ್ನ ಅಭಿಪ್ರಾಯ ಅದೇ. ಕೊನೆಗೆ ಅವರು ಬಂದೂಕು ತೆಗೆದುಕೊಂಡರು.

ಮುಖವಾಡ ತೆಗೆದೊಡನೆ ಬೆವರಿದ ಕೆನ್ನೆಗೆ ಗಾಳಿ ತಣ್ಣಗೆ ತಾಗಿತು. ಡೀಸೆಲ್ ವಾಸನೆ, ಹಲ್ಲಿಗೆ ಮರಳು. ಐದು ನಿಮಿಷ ಮುಗಿದ ಮೇಲೆ ಸಾರ್ಜೆಂಟ್ ನನ್ನ ಮುಖವಾಡದ ಗಾಜಿಗೆ ತಮ್ಮ ಮುಖವಾಡ ತಾಗುವಷ್ಟು ಬಗ್ಗಿ ನರವಿಷದ ಗುರುತಾಗಿ ನನ್ನ ಕಣ್ಣಿನ ಪಾಪೆ ಕಿರಿದಾಗಿದೆಯೇ ಎಂದು ನೋಡತೊಡಗಿದರು. ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಬಂದೂಕು ಮರಳಿ ಕೊಟ್ಟು, ಉಳಿದವರತ್ತ ತಿರುಗಿ ಕೈ ಎತ್ತಿದರು.