ವರ್ಜೀನಿಯಾದ ಬೆಸ ವರ್ಷದ ಚುನಾವಣೆ: ಮತ ಹಾಕುವುದು ಹೇಗೆ, ಎಡವುವುದು ಎಲ್ಲಿ

ವರ್ಜೀನಿಯಾದಲ್ಲಿ ಚುನಾವಣೆಯಿಲ್ಲದ ವರ್ಷವೇ ಇಲ್ಲ. ಅಧ್ಯಕ್ಷರು, ಕಾಂಗ್ರೆಸ್ ಸದಸ್ಯರ ಸರದಿ ಸಮ ವರ್ಷಗಳಲ್ಲಿ. ರಾಜ್ಯದ್ದು, ಹೆಚ್ಚಿನ ಕೌಂಟಿಗಳದ್ದು ಬೆಸ ವರ್ಷಗಳಲ್ಲಿ. ‘ಆಫ್ ಇಯರ್’ ಅನ್ನುವ ಹೆಸರು ಕೇಳಿಯೇ ಅರ್ಧ ಜನ ಮನೆಯಲ್ಲಿ ಉಳಿದುಬಿಡುತ್ತಾರೆ. 2020ರಲ್ಲಿ ನೋಂದಾಯಿತ ಮತದಾರರ ಮುಕ್ಕಾಲು ಪಾಲು ಮತ ಹಾಕಿದ್ದರೆ, 2015ರಲ್ಲಿ ಬಂದವರು ಮೂರರಲ್ಲಿ ಒಂದು ಪಾಲಿಗೂ ಕಡಿಮೆ. ಜನ ಕಡಿಮೆಯಾದಷ್ಟೂ ಬಂದವರ ಮತಕ್ಕೆ ತೂಕ ಹೆಚ್ಚು.

ಯಾವ ವರ್ಷ ಯಾರ ಆಯ್ಕೆ ಅನ್ನುವುದನ್ನು ಮೊದಲು ತಿಳಿದಿಟ್ಟುಕೊಳ್ಳಿ. ರಾಜ್ಯ ಶಾಸನಸಭೆಯ ಕೆಳಮನೆ ಹೌಸ್ ಆಫ್ ಡೆಲಿಗೇಟ್ಸ್‌ನ 100 ಸ್ಥಾನಗಳಿಗೆ ಪ್ರತಿ ಬೆಸ ವರ್ಷವೂ ಚುನಾವಣೆ. ಗವರ್ನರ್, ಲೆಫ್ಟಿನೆಂಟ್ ಗವರ್ನರ್, ಅಟಾರ್ನಿ ಜನರಲ್ ಆಯ್ಕೆ ಅಧ್ಯಕ್ಷೀಯ ಚುನಾವಣೆಯ ಮರುವರ್ಷ: 2021, 2025, ಮುಂದೆ 2029. ರಾಜ್ಯ ಸೆನೆಟ್‌ನ 40 ಸ್ಥಾನಗಳ ಸರದಿ 2027ಕ್ಕೆ. ಲೌಡನ್, ಫೇರ್‌ಫ್ಯಾಕ್ಸ್ ಕೌಂಟಿಗಳ ಬೋರ್ಡ್ ಆಫ್ ಸೂಪರ್‌ವೈಸರ್ಸ್ ಮತ್ತು ಶೆರಿಫ್ ಆಯ್ಕೆಯೂ ಅದೇ ವರ್ಷ. ನಿಮ್ಮ ಮನೆ ತೆರಿಗೆಯಲ್ಲಿ ನೂರು ಡಾಲರ್ ಮೌಲ್ಯಕ್ಕೆ ಎಷ್ಟು ಸೆಂಟ್ಸ್, ಕಾರ್ ಟ್ಯಾಕ್ಸ್ ಎಷ್ಟು, ಆಶ್‌ಬರ್ನ್‌ನಲ್ಲಿ ಇನ್ನೂ ಎಷ್ಟು ಡೇಟಾ ಸೆಂಟರ್ ಏಳಬೇಕು ಎಂದು ತೀರ್ಮಾನಿಸುವುದು ವಾಷಿಂಗ್ಟನ್ನಿನವರಲ್ಲ, ಈ ಬೋರ್ಡಿನವರು. ದೀಪಾವಳಿಗೆ ಮಕ್ಕಳಿಗೆ ರಜೆ ಕೊಡುವುದು ಸ್ಕೂಲ್ ಬೋರ್ಡ್.

ಮೊದಲ ಷರತ್ತು

ಮತ ಹಾಕಲು ಅಮೆರಿಕದ ಸಿಟಿಜನ್ ಆಗಿರಲೇಬೇಕು. ಗ್ರೀನ್ ಕಾರ್ಡ್, ಎಚ್-1ಬಿ, ಎಚ್-4 ಇರುವವರು ಸ್ಥಳೀಯ ಚುನಾವಣೆಯಲ್ಲೂ ಮತ ಹಾಕುವಂತಿಲ್ಲ. ಅಪಾಯ ಇರುವುದು ಮತಗಟ್ಟೆಗಿಂತ ಹೆಚ್ಚಾಗಿ ಡಿಎಂವಿಯಲ್ಲಿ, ಅಂದರೆ ಮೋಟಾರು ವಾಹನ ಇಲಾಖೆಯಲ್ಲಿ. ಲೈಸೆನ್ಸ್ ಮಾಡಿಸುವಾಗ ಪರದೆಯ ಮೇಲೆ ‘ಸಿಟಿಜನ್ ಹೌದೇ’ ಎಂಬ ಪ್ರಶ್ನೆ ಬರುತ್ತದೆ. ಆತುರದಲ್ಲಿ ತಪ್ಪು ಒತ್ತಿ ಪಟ್ಟಿಗೆ ಸೇರಿಬಿಟ್ಟರೆ ಮುಂದೆ ಪೌರತ್ವಕ್ಕಾಗಿ ಎನ್-400 ಅರ್ಜಿ ತುಂಬುವಾಗ ಅದು ಎದುರಾಗುತ್ತದೆ. ಸಿಟಿಜನ್ ಎಂದು ಸುಳ್ಳು ಹೇಳಿದ ಆರೋಪ ಬಂದರೆ ಗಡೀಪಾರಿನವರೆಗೂ ಹೋಗಬಹುದು. ಅಪ್ಪ ಅಮ್ಮನ ಜೊತೆ ಡಿಎಂವಿಗೆ ಹೋದರೆ ಆ ಪ್ರಶ್ನೆಯನ್ನು ನೀವೇ ಓದಿ ಹೇಳಿ.

ಇದರ ಇನ್ನೊಂದು ಮಗ್ಗುಲು ಹೊಸದಾಗಿ ಸಿಟಿಜನ್ ಆದವರದು. 2024ರಲ್ಲಿ ರಾಜ್ಯವು ಡಿಎಂವಿ ದಾಖಲೆ ಹಿಡಿದು ಸುಮಾರು 1,600 ಹೆಸರುಗಳನ್ನು ಪಟ್ಟಿಯಿಂದ ತೆಗೆಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ಚುನಾವಣೆಗೆ ಒಂದು ವಾರವೂ ಇಲ್ಲದಿದ್ದಾಗ ರಾಜ್ಯದ ಪರವಾಗಿ ಆದೇಶ ಬಂತು. ಹಾಗೆ ಹೊರಬಿದ್ದವರಲ್ಲಿ ನಿಜವಾದ ಸಿಟಿಜನ್‌ಗಳೂ ಇದ್ದರು. ಹಳೆಯ ದಾಖಲೆಯಲ್ಲಿ ‘ಸಿಟಿಜನ್ ಅಲ್ಲ’ ಎಂದು ಉಳಿದುಕೊಂಡರೆ ಹೀಗಾಗುತ್ತದೆ. ಪ್ರಮಾಣವಚನ ಮುಗಿದ ಮೇಲೆ ಸೋಷಿಯಲ್ ಸೆಕ್ಯುರಿಟಿ ಕಚೇರಿಯಲ್ಲೂ ಡಿಎಂವಿಯಲ್ಲೂ ದಾಖಲೆ ಬದಲಾಯಿಸಿಕೊಳ್ಳಿ. ಕೌಂಟಿ ರಿಜಿಸ್ಟ್ರಾರ್ ಅವರಿಂದ ಹೆಸರು ರದ್ದುಮಾಡುವ ನೋಟಿಸ್ ಬಂದರೆ ಉತ್ತರಿಸಲು ಇರುವುದು 14 ದಿನ ಮಾತ್ರ. ಜಾಹೀರಾತಿನ ಕಾಗದಗಳ ಜೊತೆ ಅದನ್ನೂ ಕಸಕ್ಕೆ ಹಾಕಬೇಡಿ.

ನೋಂದಣಿಯನ್ನು ರಾಜ್ಯ ಚುನಾವಣಾ ಇಲಾಖೆಯ ‘ಸಿಟಿಜನ್ ಪೋರ್ಟಲ್’ನಲ್ಲಿ ಸೆಪ್ಟೆಂಬರ್ ಮುಗಿಯುವುದರೊಳಗೆ ಪರೀಕ್ಷಿಸಿ. ನಮ್ಮ ಹೆಸರುಗಳದ್ದೇ ದೊಡ್ಡ ತೊಡಕು: ಒಂದು ಕಡೆ ಅಪ್ಪನ ಹೆಸರು ಕೊನೆಗೆ, ಇನ್ನೊಂದು ಕಡೆ ಊರಿನ ಹೆಸರು ಮೊದಲಿಗೆ, ಮತ್ತೊಂದು ಕಡೆ ಬರೀ ಇನಿಷಿಯಲ್. ನ್ಯಾಚುರಲೈಸೇಶನ್ ಸರ್ಟಿಫಿಕೇಟ್‌ನಲ್ಲಿ ಇರುವ ಹಾಗೆಯೇ ಎಲ್ಲ ಕಡೆ ಇರಲಿ. ಮನೆ ಬದಲಿಸಿದ್ದರೆ ವಿಳಾಸ ತಿದ್ದಿಸಿ, ಇಲ್ಲವಾದರೆ ಮತಗಟ್ಟೆಯೇ ಬೇರೆಯಾಗಿರುತ್ತದೆ. ನೋಂದಣಿಯ ಗಡುವು ಮೀರಿದರೂ ದಾರಿ ಮುಚ್ಚುವುದಿಲ್ಲ: ಚುನಾವಣೆಯ ದಿನವೇ ನೋಂದಾಯಿಸಿ ‘ಪ್ರೊವಿಷನಲ್’ ಮತ ಹಾಕಬಹುದು. ಅದನ್ನು ಪರಿಶೀಲಿಸಿದ ಮೇಲೆ ಎಣಿಕೆಗೆ ಸೇರಿಸುತ್ತಾರೆ.

ಜೂನ್ ತಿಂಗಳನ್ನು ಮರೆಯಬೇಡಿ

ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಪ್ರೈಮರಿ ನಡೆಯುವುದು ಜೂನ್ ತಿಂಗಳ ಮೂರನೇ ಮಂಗಳವಾರ. ವರ್ಜೀನಿಯಾದಲ್ಲಿ ಪಕ್ಷದ ಹೆಸರಲ್ಲಿ ನೋಂದಣಿ ಇಲ್ಲ. ಎರಡೂ ಪಕ್ಷಗಳ ಪ್ರೈಮರಿ ಇದ್ದರೆ ಯಾವುದಾದರೂ ಒಂದರ ಬ್ಯಾಲೆಟ್ ಕೇಳಿ ಪಡೆಯಬೇಕು. ಒಂದೇ ಪಕ್ಷ ಬಲವಾಗಿರುವ ಕ್ಷೇತ್ರದಲ್ಲಿ ನಿಜವಾದ ಪೈಪೋಟಿ ಜೂನ್‌ನಲ್ಲೇ ಮುಗಿದಿರುತ್ತದೆ. ನವೆಂಬರ್‌ಗೆ ಹದಿನೆಂಟು ತುಂಬುವ ಮಕ್ಕಳು ಹದಿನೇಳರಲ್ಲೇ ಪ್ರೈಮರಿಗೆ ಮತ ಹಾಕಬಹುದು.

ಮೂರು ದಾರಿ

ನೇರವಾಗಿ ಹೋಗಿ ಮುಂಚಿತವಾಗಿ ಮತ ಹಾಕುವುದು ಎಲ್ಲಕ್ಕಿಂತ ಸುಲಭ. ಚುನಾವಣೆಗೆ 45 ದಿನ ಮೊದಲು, ಅಂದರೆ ಸೆಪ್ಟೆಂಬರ್ ಮೂರನೇ ವಾರದ ಹೊತ್ತಿಗೆ ಶುರುವಾಗಿ, ಚುನಾವಣೆಗೆ ಮುಂಚಿನ ಶನಿವಾರ ಸಂಜೆ 5ಕ್ಕೆ ಮುಗಿಯುತ್ತದೆ. ಕೌಂಟಿಯೊಳಗಿನ ಯಾವ ಕೇಂದ್ರಕ್ಕಾದರೂ ಹೋಗಬಹುದು. ದೊಡ್ಡ ಕೌಂಟಿಗಳಲ್ಲಿ ಮೊದಲ ವಾರಗಳಲ್ಲಿ ತೆರೆದಿರುವ ಜಾಗ ಕಡಿಮೆ. ಮನೆ ಹತ್ತಿರದ ಕೇಂದ್ರ ತೆರೆಯುವುದು ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ.

ಚುನಾವಣೆಯ ದಿನ ನವೆಂಬರ್‌ನ ಮೊದಲ ಸೋಮವಾರದ ಮರುದಿನ. 2027ರಲ್ಲಿ ನವೆಂಬರ್ 2. ಬೆಳಗ್ಗೆ 6ರಿಂದ ಸಂಜೆ 7. ಆವತ್ತು ನಿಮ್ಮ ಮತಗಟ್ಟೆಗೇ ಹೋಗಬೇಕು. 7ಕ್ಕೆ ಸಾಲಿನಲ್ಲಿದ್ದರೆ ಸಾಕು, ಮತ ಹಾಕಿಸಿಯೇ ಕಳಿಸುತ್ತಾರೆ. ಸರ್ಕಾರಿ ರಜೆಯೇನೋ ಇದೆ, ಖಾಸಗಿ ಕಂಪನಿಗಳಿಗೆ ಕಡ್ಡಾಯವಿಲ್ಲ.

ಅಂಚೆ ಮತಕ್ಕೆ ಚುನಾವಣೆಗೆ 11 ದಿನ ಮೊದಲೇ ಅರ್ಜಿ ಹಾಕಿರಬೇಕು. ಕೆಲಸದ ಮೇಲೆ ಅಥವಾ ಬೆಂಗಳೂರಿಗೆ ಹೋಗುವವರಿಗೆ ಇದು ಸರಿ, ಆದರೆ ಹೊರಡುವ ಮುಂಚೆ ಮತ ಹಾಕಿ ಹೋಗುವುದು ಇನ್ನೂ ಸರಿ.

ಗುರುತಿಗೆ ಡ್ರೈವರ್ ಲೈಸೆನ್ಸ್ ಸಾಕು, ಅವಧಿ ಮುಗಿದಿದ್ದರೂ ನಡೆಯುತ್ತದೆ. ಹೆಸರು, ವಿಳಾಸ ಇರುವ ಕರೆಂಟ್ ಬಿಲ್ಲೂ ಆಗುತ್ತದೆ. ಏನೂ ಇಲ್ಲದಿದ್ದರೆ ಗುರುತಿನ ಹೇಳಿಕೆಗೆ ಸಹಿ ಹಾಕಿ ಮಾಮೂಲಿ ಮತವನ್ನೇ ಹಾಕಬಹುದು. ಸಿಬ್ಬಂದಿ ಹೆಸರು, ವಿಳಾಸ ಹೇಳಿ ಎನ್ನುತ್ತಾರೆ. ಅವರ ಬಾಯಿಗೆ ನಿಮ್ಮ ಹೆಸರು ಹೊರಳದಿದ್ದರೆ ಲೈಸೆನ್ಸ್ ತೋರಿಸಿ, ಪಟ್ಟಿಯಲ್ಲಿ ಅವರು ಹುಡುಕುತ್ತಿರುವುದು ಯಾವ ಅಕ್ಷರದ ಕೆಳಗೆ ಎಂದು ಗಮನಿಸಿ.

ಬ್ಯಾಲೆಟ್ ಕೈಗೆ ಬಂದಾಗ

ಇವಿಎಂ ಇಲ್ಲ, ಚಿಹ್ನೆ ಇಲ್ಲ, ಬೆರಳಿಗೆ ಶಾಯಿ ಇಲ್ಲ. ಕಾಗದದ ಮೇಲಿನ ಅಂಡಾಕಾರವನ್ನು ಕಪ್ಪು ಪೆನ್ನಿನಿಂದ ಪೂರ್ತಿ ತುಂಬಿ ಸ್ಕ್ಯಾನರ್‌ಗೆ ಹಾಕಬೇಕು. ನೋಟಾ ಕೂಡ ಇಲ್ಲ. ಬೇಡವೆಂದರೆ ಖಾಲಿ ಬಿಡಬಹುದು, ಬೇರೆಯವರ ಹೆಸರು ಬರೆಯಲೂ ಜಾಗವಿದೆ. ಹಾಳೆ ತಿರುಗಿಸಿ ನೋಡಿ, ಶಾಲೆ ರಸ್ತೆಗಳಿಗೆ ಸಾಲ ಎತ್ತುವ ಬಾಂಡ್ ಪ್ರಶ್ನೆಗಳು ಹಿಂಬದಿಯಲ್ಲಿ ಇರಬಹುದು.

ಹೊಸಬರು ಕಕ್ಕಾಬಿಕ್ಕಿಯಾಗುವುದು ಇಲ್ಲಿ: ಗವರ್ನರ್, ಡೆಲಿಗೇಟ್ ಹೆಸರಿನ ಜೊತೆ ಪಕ್ಷ ಇರುತ್ತದೆ, ಸೂಪರ್‌ವೈಸರ್, ಶೆರಿಫ್, ಸ್ಕೂಲ್ ಬೋರ್ಡ್ ಹೆಸರಿನ ಜೊತೆ ಇರುವುದಿಲ್ಲ. ನಮ್ಮ ಗ್ರಾಮ ಪಂಚಾಯಿತಿಯಂತೆಯೇ, ಪಕ್ಷ ಕಾಣದಿದ್ದರೂ ಬೆನ್ನ ಹಿಂದೆ ನಿಂತಿರುತ್ತದೆ. ಕೌಂಟಿ ಜಾಲತಾಣದ ಸ್ಯಾಂಪಲ್ ಬ್ಯಾಲೆಟ್ ತೆಗೆದು, ಹಿಂದಿನ ರಾತ್ರಿಯೇ ಹೆಸರು ಗುರುತು ಹಾಕಿಟ್ಟುಕೊಂಡು ಹೋಗಿ. ಯಾರಿಗೆ ಯಾರು ದುಡ್ಡು ಕೊಟ್ಟಿದ್ದಾರೆ ಎಂದು ನೋಡಲು ವರ್ಜೀನಿಯಾ ಪಬ್ಲಿಕ್ ಆಕ್ಸೆಸ್ ಪ್ರಾಜೆಕ್ಟ್‌ನ ತಾಣವಿದೆ. ಬಾಗಿಲಿಗೆ ಬರುವ ಹೊಳಪು ಕಾಗದಗಳಿಗಿಂತ ಹೆಚ್ಚು ಹೇಳುತ್ತದೆ.

ಫೇರ್‌ಫ್ಯಾಕ್ಸ್‌ನ ಅಟ್-ಲಾರ್ಜ್ (ಇಡೀ ಕೌಂಟಿಯೇ ಆರಿಸುವ) ಸ್ಕೂಲ್ ಬೋರ್ಡ್‌ ಸ್ಥಾನಗಳಂಥ ಕಡೆ ಮೂವರನ್ನು ಆರಿಸಬಹುದು. ಇಬ್ಬರನ್ನೇ ಆರಿಸಿದರೂ ಸರಿ. ನಾಲ್ವರನ್ನು ಆರಿಸಿದರೆ ಆ ಹುದ್ದೆಯ ಮತವಷ್ಟೂ ವ್ಯರ್ಥ.

ತಪ್ಪು ಗುರುತು ಬಿದ್ದರೆ ಗೀಟು ಹಾಕಿ ತಿದ್ದಬೇಡಿ. ಹಾಳೆ ವಾಪಸು ಕೊಟ್ಟು ಹೊಸದು ಕೇಳಿ, ಕೊಡುತ್ತಾರೆ. 2017ರಲ್ಲಿ ನ್ಯೂಪೋರ್ಟ್ ನ್ಯೂಸ್‌ನ 94ನೇ ಡೆಲಿಗೇಟ್ ಕ್ಷೇತ್ರದಲ್ಲಿ ಮರುಎಣಿಕೆಯ ನಂತರ ಡೆಮಾಕ್ರಟಿಕ್ ಪಕ್ಷದ ಶೆಲ್ಲಿ ಸೈಮಂಡ್ಸ್ ಒಂದೇ ಮತದಿಂದ ಮುಂದಿದ್ದರು. ಒಬ್ಬ ಮತದಾರರು ಇಬ್ಬರು ಅಭ್ಯರ್ಥಿಗಳಿಗೂ ಗುರುತು ಹಾಕಿ, ಸೈಮಂಡ್ಸ್ ಎದುರಿನ ಗುರುತಿಗೆ ಗೀಟು ಎಳೆದಿದ್ದರು. ನ್ಯಾಯಾಧೀಶರು ಅದನ್ನು ಎದುರಾಳಿ, ರಿಪಬ್ಲಿಕನ್ ಪಕ್ಷದ ಡೇವಿಡ್ ಯಾನ್ಸಿ ಲೆಕ್ಕಕ್ಕೆ ಸೇರಿಸಿದರು; ಇಬ್ಬರಿಗೂ 11,608 ಆಯಿತು. 2018ರ ಜನವರಿ 4ರಂದು ಬಟ್ಟಲಿನಿಂದ ಚೀಟಿ ಎತ್ತಿದಾಗ ಬಂದದ್ದು ಯಾನ್ಸಿ ಹೆಸರು. ರಿಪಬ್ಲಿಕನ್ನರಿಗೆ ಸದನ 51-49ರಲ್ಲಿ ಉಳಿಯಿತು.

ಅಪ್ಪ ಅಮ್ಮನಿಗೆ ಇಂಗ್ಲಿಷ್ ಓದಲು ಬಾರದಿದ್ದರೆ

ಬ್ಯಾಲೆಟ್ ಕನ್ನಡದಲ್ಲಿ ಸಿಗುವುದಿಲ್ಲ. ಆದರೆ ಓದಲು ಬಾರದವರು, ಕಣ್ಣು ಕಾಣದವರು ತಮಗೆ ಬೇಕಾದವರನ್ನು ಒಳಗೆ ಕರೆದೊಯ್ಯಲು ಕೇಂದ್ರದ ಮತದಾನ ಹಕ್ಕು ಕಾಯ್ದೆಯ 208ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಕೆಲಸ ಕೊಟ್ಟ ಮಾಲೀಕರು, ಯೂನಿಯನ್‌ನವರು ಆಗಬಾರದು, ಅಷ್ಟೇ. ಒಂದು ಸಣ್ಣ ಫಾರ್ಮ್ ತುಂಬಿಸುತ್ತಾರೆ. ನೀವು ಓದಿ ಹೇಳಿ. ಯಾರಿಗೆ ಹಾಕಬೇಕೆಂದು ಅವರೇ ಹೇಳಲಿ.

ಅಂಚೆಯಲ್ಲಿ ಕಳಿಸಿದವರಿಗೆ

ಲಕೋಟೆಯ ಮೇಲೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ, ಹುಟ್ಟಿದ ವರ್ಷ, ಸಹಿ ಬೇಕು. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ಕೊನೆಯ ವಾರವಾದರೆ ಅಂಚೆ ನಂಬದೆ ಡ್ರಾಪ್ ಬಾಕ್ಸ್‌ಗೆ ಹಾಕಿ. ಪೋರ್ಟಲ್‌ನಲ್ಲಿ ತಲುಪಿತೇ ನೋಡಿ. ದೋಷವಿದೆ ಎಂದು ರಿಜಿಸ್ಟ್ರಾರ್ ಕಚೇರಿ ತಿಳಿಸಿದರೆ, ಚುನಾವಣೆಯ ನಂತರದ ಶುಕ್ರವಾರ ಮಧ್ಯಾಹ್ನ 12ರೊಳಗೆ ಹೋಗಿ ಸರಿಪಡಿಸಬಹುದು.