ಚೋ ಲಾ ದಾಟುವ ದಿನ: ಮೊದಲು ಸಡಿಲ ಕಲ್ಲು, ಆಮೇಲೆ ಹಿಮ

ನೇಪಾಳದ ಸಾಗರಮಾತಾ ರಾಷ್ಟ್ರೀಯ ಉದ್ಯಾನದಲ್ಲಿ ಗೋಕ್ಯೋ ಕಣಿವೆಯಿಂದ ಎವರೆಸ್ಟ್ ಬೇಸ್ ಕ್ಯಾಂಪಿನ ದಾರಿಗೆ ದಾಟಿಸುವ ಪಾಸ್ (ಬೆಟ್ಟಸಾಲಿನ ನಡುವಿನ ಕಣಿವೆದಾರಿ) ಚೋ ಲಾ. ಎತ್ತರ 5,420 ಮೀಟರ್. ಕುಮಾರ ಪರ್ವತ ಹತ್ತಿಳಿದ ಕಾಲಿಗೆ ಇಲ್ಲಿನ ಏರು ಹೊಸದಲ್ಲ, ಹೊಸದು ತೆಳುವಾದ ಗಾಳಿ. ಕುಮಾರ ಪರ್ವತದ ನೆತ್ತಿ 1,712 ಮೀಟರ್. ಇಲ್ಲಿ ಹಿಂದಿನ ರಾತ್ರಿ ಮಲಗುವ ಥಗ್ನಾಕ್ ಇರುವುದೇ ಸುಮಾರು 4,700 ಮೀಟರಿನಲ್ಲಿ.

ಗೋಕ್ಯೋ ಕಡೆಯಿಂದ, ಅಂದರೆ ಪಶ್ಚಿಮದಿಂದ ಪೂರ್ವಕ್ಕೆ ದಾಟಿ. ಪಶ್ಚಿಮದ ಗೋಡೆಯ ತುಂಬ ಸಡಿಲ ಕಲ್ಲು. ಅದರ ಮೇಲೆ ಇಳಿಯುವುದಕ್ಕಿಂತ ಹತ್ತುವುದು ಎಷ್ಟೋ ವಾಸಿ, ಏಕೆಂದರೆ ಹತ್ತುವಾಗ ಕೈ ಊರಬಹುದು, ಮುಂದಿನ ಕಲ್ಲನ್ನು ಅಲುಗಿಸಿ ನೋಡಿಯೇ ಭಾರ ಬಿಡಬಹುದು.

ಮೈ ಎತ್ತರಕ್ಕೆ ಒಗ್ಗಲು ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬೇಡಿ, ಮೂರು–ನಾಲ್ಕು ದಿನಕ್ಕೊಮ್ಮೆ ಇದ್ದಲ್ಲೇ ಇರಿ. ಈ ದಾರಿಯಲ್ಲಿ ಹೆಚ್ಚಿನವರು ಎಡವುವುದು ನಾಮ್ಚೆಯಿಂದ (3,440) ಹೊರಟು ಒಂದೇ ದಿನದಲ್ಲಿ ದೋಲೆಗೆ (ಸುಮಾರು 4,040) ಹೋಗುವಾಗ. ನಾಮ್ಚೆಯಲ್ಲಿ ಎರಡು ರಾತ್ರಿ, ಖುಮ್‌ಜುಂಗ್‌ನಲ್ಲಿ ಒಂದು ರಾತ್ರಿ ಕಳೆದರೆ ಆ ಜಿಗಿತ ತಪ್ಪುತ್ತದೆ. ಗೋಕ್ಯೋದಲ್ಲಿ ಎರಡು ರಾತ್ರಿ ಉಳಿದು 5,357 ಮೀಟರಿನ ಗೋಕ್ಯೋ ರಿ ಹತ್ತಿ ಬನ್ನಿ. ಅಲ್ಲಿ ತಲೆನೋವು, ವಾಕರಿಕೆ ಬಂದರೆ ಪಾಸ್ ಮುಂದೂಡಿ. ಎತ್ತರದ ಕಾಯಿಲೆ ತಡೆಯುವ ಮಾತ್ರೆ ಡಯಾಮಾಕ್ಸ್ ಬೇಕೇ ಎಂಬುದನ್ನು ಊರಲ್ಲೇ ವೈದ್ಯರ ಹತ್ತಿರ ಕೇಳಿ. ಮುಂಜಾಗ್ರತೆಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ ಕೊಡುತ್ತಾರೆ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು. ಬೆರಳು ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಆ ಮಾತ್ರೆಯ ಗುಣ, ಗಾಬರಿ ಬೇಡ.

ಗೋಕ್ಯೋದಿಂದ ಥಗ್ನಾಕ್‌ಗೆ ಹೋಗಲು ಙೊಜುಂಪಾ ಹಿಮನದಿಯನ್ನು ಅಡ್ಡ ದಾಟಬೇಕು. ನೋಡಲು ಕಲ್ಲುಮಣ್ಣಿನ ಗುಡ್ಡೆ, ಅಡಿಯಲ್ಲೆಲ್ಲ ಮಂಜುಗಡ್ಡೆ. ಅದು ಸರಿಯುತ್ತಲೇ ಇರುವುದರಿಂದ ದಾರಿಯೂ ಬದಲಾಗುತ್ತದೆ. ಫೋನಿನ ಹಳೆಯ ನಕ್ಷೆ ನಂಬಬೇಡಿ. ಲಾಡ್ಜಿನವರನ್ನು ವಿಚಾರಿಸಿ, ಕಲ್ಲುಪೇರಿಸಿದ ಗುರುತು ಹಿಡಿದು ನಡೆಯಿರಿ.

ಥಗ್ನಾಕ್‌ನಿಂದ ಪಾಸಿನ ಆಚೆ ಬದಿಯ ಜೋಂಗ್ಲಾಕ್ಕೆ (4,830) ಏಳರಿಂದ ಒಂಬತ್ತು ಗಂಟೆಯ ನಡಿಗೆ. ನಡುವೆ ಅಂಗಡಿಯಿಲ್ಲ, ನೀರನ್ನೂ ನಂಬುವಂತಿಲ್ಲ. ಮೂರು ಲೀಟರ್ ಹೊತ್ತುಕೊಳ್ಳಿ, ಅದರಲ್ಲಿ ಒಂದು ಲೀಟರ್ ಫ್ಲಾಸ್ಕಿನಲ್ಲಿ ಬಿಸಿಯಾಗಿರಲಿ. ಬಾಟಲಿಯನ್ನು ತಲೆಕೆಳಗಾಗಿ ಇಡಿ: ನೀರು ಮೇಲ್ಭಾಗದಿಂದ ಹೆಪ್ಪುಗಟ್ಟುತ್ತದೆ, ಹಾಗಾಗಿ ಮುಚ್ಚಳದ ಬಾಯಿ ತೆರೆದೇ ಇರುತ್ತದೆ. ಕೊಳವೆಯಿರುವ ನೀರಿನ ಚೀಲ ಈ ದಿನಕ್ಕೆ ಆಗದು, ಕೊಳವೆ ಮೊದಲು ಕಟ್ಟಿಕೊಳ್ಳುತ್ತದೆ. ಫೋನು, ಹೆಡ್‌ಲ್ಯಾಂಪಿನ ಬ್ಯಾಟರಿ ರಾತ್ರಿಯೆಲ್ಲ ಸ್ಲೀಪಿಂಗ್ ಬ್ಯಾಗಿನೊಳಗೇ ಇರಲಿ.

ಬೆಳಗಿನ ನಾಲ್ಕಕ್ಕೆ ಹೊರಡಿ. ಮೊದಲ ಎರಡು ಗಂಟೆ ನೇರ ಏರು. ದಿಣ್ಣೆಯ ನೆತ್ತಿ ತಲುಪಿದಾಗ ಪಾಸ್ ಎದುರಿಗೇ ಕಾಣುತ್ತದೆ, ಆದರೆ ಹತ್ತಿದ್ದರಲ್ಲಿ ಒಂದಿಷ್ಟು ಇಳಿದು, ಬಂಡೆಗಳ ಬಯಲು ದಾಟಿ, ಮತ್ತೆ ಗೋಡೆ ಹತ್ತಬೇಕು. ಇದು ಮೊದಲೇ ತಿಳಿದಿದ್ದರೆ ಮನಸ್ಸು ಕುಸಿಯುವುದಿಲ್ಲ. ಗೋಡೆಯ ಬುಡದಲ್ಲಿ ಕೋಲು ಮಡಚಿ ಚೀಲಕ್ಕೆ ಕಟ್ಟಿ, ಎರಡೂ ಕೈ ಬೇಕಾಗುತ್ತವೆ. ರಾತ್ರಿಯ ಚಳಿಗೆ ಅಂಟಿಕೊಂಡಿದ್ದ ಕಲ್ಲುಗಳು ಬಿಸಿಲು ಏರಿದಂತೆ ಬಿಡಿಸಿಕೊಂಡು ಉರುಳುತ್ತವೆ. ಬೇಗ ಹೊರಡಿ ಎನ್ನುವುದು ಇದಕ್ಕೇ. ಮೇಲೆ ಹತ್ತುತ್ತಿರುವವರ ನೇರ ಕೆಳಗೆ ನಿಲ್ಲಬೇಡಿ. ಕಲ್ಲು ಜಾರಿದರೆ ‘ಢುಂಗಾ’ ಎಂದು ಕೂಗಿ, ನೇಪಾಳಿಯಲ್ಲಿ ಕಲ್ಲು ಅಂದರೆ ಅದೇ. ದಣಿವಾರಿಸಿಕೊಳ್ಳಲು ಗೋಡೆಯ ಮಧ್ಯೆ ಕೂರುವ ಅಭ್ಯಾಸ ಬಿಡಿ; ಕೂರುವುದಾದರೆ ಬುಡದಿಂದ ದೂರದಲ್ಲಿ, ಇಲ್ಲವೇ ನೆತ್ತಿಯ ಮೇಲೆ.

ನೆತ್ತಿಯಲ್ಲೇ, ಹಿಮಕ್ಕೆ ಕಾಲಿಡುವ ಮೊದಲೇ, ಬೂಟಿಗೆ ಮೈಕ್ರೋಸ್ಪೈಕ್ (ಜಾರದಂತೆ ತೊಡಿಸುವ ಸಣ್ಣ ಮೊಳೆಗಳ ಸರಪಳಿ) ಹಾಕಿ. ನಾಮ್ಚೆಯಲ್ಲೇ ಕೊಳ್ಳಬಹುದು, ಆದರೆ ಕೈಗವಸು ತೊಟ್ಟೇ ಹಾಕಿ ತೆಗೆಯುವುದನ್ನು ಹಿಂದಿನ ದಿನ ಅಭ್ಯಾಸ ಮಾಡಿ, ಏಕೆಂದರೆ ಬರಿಗೈ ಎರಡು ನಿಮಿಷದಲ್ಲಿ ಮರಗಟ್ಟುತ್ತದೆ. ಕಪ್ಪು ಕನ್ನಡಕ ಕಡ್ಡಾಯ. ಪೂರ್ವದ ಹಿಮನದಿ ಸಪಾಟಾಗಿ ಕಂಡರೂ ಬಿರುಕುಗಳಿವೆ. ಹೆಜ್ಜೆ ತುಳಿದ ಜಾಡು ಬಿಟ್ಟು ಫೋಟೋಗಾಗಿ ಪಕ್ಕಕ್ಕೆ ಸರಿಯಬೇಡಿ. ಹಿಮ ಮುಗಿದ ಕೂಡಲೇ ಸ್ಪೈಕ್ ಕಳಚುವ ಆತುರವೂ ಬೇಡ. ಅದರ ಕೆಳಗಿನ ಬಂಡೆಯಿಳಿಜಾರಿಗೆ ತೆಳುವಾದ ಗಾಜಿನಂಥ ಮಂಜು ಹತ್ತಿರುತ್ತದೆ, ಬೀಳುವುದು ಹೆಚ್ಚಾಗಿ ಅಲ್ಲೇ.

ನಡೆಯುವವರು ತೂರಾಡತೊಡಗಿದರೆ, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹತ್ತು ಹೆಜ್ಜೆ ನೇರ ನಡೆಯಲಾಗದಿದ್ದರೆ, ಸುಮ್ಮನೆ ಕೂತಿದ್ದಾಗಲೂ ಏದುಸಿರು ಬಂದರೆ, ಅದು ಎತ್ತರದ ಕಾಯಿಲೆ ಬಿಗಡಾಯಿಸಿದ ಲಕ್ಷಣ, ಆ ಕ್ಷಣವೇ ಕೆಳಗಿಳಿಸಬೇಕು. ರಾತ್ರಿಯಾದರೂ ಸರಿ, ಒಬ್ಬರನ್ನೇ ಕಳಿಸದೆ.

ರಾತ್ರಿ ಹೊಸ ಹಿಮ ಬಿದ್ದಿದ್ದರೆ ಥಗ್ನಾಕ್‌ನಲ್ಲೇ ಒಂದು ದಿನ ಕಾಯಿರಿ. ಹಿಮ ನಿಲ್ಲದಿದ್ದರೆ ಕೆಳಗೆ ಫೋರ್ತ್ಸೆಗೆ ಇಳಿದು, ಪಾಂಗ್‌ಬೋಚೆಯ ಮೂಲಕ ಬೇಸ್ ಕ್ಯಾಂಪಿನ ದಾರಿ ಸೇರಿಕೊಳ್ಳಬಹುದು. ಇದಕ್ಕೆಂದೇ ಟಿಕೆಟ್ಟಿನ ಲೆಕ್ಕದಲ್ಲಿ ಮೂರು ದಿನ ಹೆಚ್ಚು ಇಟ್ಟುಕೊಂಡಿರಿ.