ಹಿಂದಿನ ಸೀಟಿನಿಂದ ಕಾರು ನೋಡಿ: ಬಳ್ಳಾರಿಗೆ ಹೊಸದಾಗಿ ಬಂದ ದಂಪತಿಗಳಿಗೆ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬೇಡಿ ಎಂದು ಹಿರಿಯರು ಹೇಳುತ್ತಾರೆ. ಕುಲಾವಿಯ ಮಟ್ಟಿಗೆ ಆ ಮಾತು ಸರಿ. ಅಳತೆ ತಪ್ಪಿದರೆ ಇನ್ನೊಂದು ಹೊಲಿಸಿದರಾಯಿತು. ಕಾರು ಹಾಗಲ್ಲ. ಏಳು ವರ್ಷದ ಕಂತಿಗೆ ಸಹಿ ಹಾಕಿ, ಎರಡನೆಯ ವರ್ಷ ತೊಟ್ಟಿಲು ಕಟ್ಟುವ ಹೊತ್ತಿಗೆ ಅದು ಸಾಲದಾಯಿತು ಎಂದರೆ ಕಂತೂ ನಿಲ್ಲುವುದಿಲ್ಲ, ಕೂಸೂ ಕಾಯುವುದಿಲ್ಲ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ, ಬ್ಯಾಂಕಿಗೆ, ಕಾಲೇಜಿಗೆ, ಆಸ್ಪತ್ರೆಗೆ ವರ್ಗವಾಗಿ ಬರುವ ಮೈಸೂರು, ಹಾಸನ, ಕರಾವಳಿ ಕಡೆಯ ಹೊಸ ಜೋಡಿಗಳು, ಊರಿಗೆ ಹೊಸಬರಾದವರಿಗೆ ನೆರವಾಗುವ ನಮ್ಮ ಸಂಘಕ್ಕೆ ಬಂದಾಗ ಮನೆ ಬಾಡಿಗೆಯ ವಿಚಾರ ಮುಗಿದ ಮೇಲೆ ಕೇಳುವ ಮೊದಲ ಪ್ರಶ್ನೆ ಕಾರಿನದು. ಯಾವ ಕಾರು ಚೆನ್ನಾಗಿದೆ ಎಂದು ಕೇಳುತ್ತಾರೆ. ಯಾರು ಯಾರು ಕೂರುತ್ತೀರಿ ಎಂದು ನಾವು ತಿರುಗಿ ಕೇಳುತ್ತೇವೆ. ಇಬ್ಬರೇ ಎಂದು ನಗುತ್ತಾರೆ. ಆ ನಗುವಿನಲ್ಲೇ ತಪ್ಪು ಕಾರು ಮನೆಗೆ ಬರುತ್ತದೆ. ನಾನೂ ಹಾಗೆಯೇ ತಂದವನು.

ಮೊದಲ ಪಯಣ ತವರಿನಿಂದ

ನಿಮ್ಮ ಕಾರು ಮೊದಲ ಸಲ ಮಗುವನ್ನು ಹೊತ್ತು ತರುವ ದಿನವನ್ನು ನೆನೆಸಿಕೊಳ್ಳಿ. ನಮ್ಮಲ್ಲಿ ಚೊಚ್ಚಲ ಹೆರಿಗೆ ಸಾಮಾನ್ಯವಾಗಿ ತವರಿನಲ್ಲಿ. ತೊಟ್ಟಿಲ ಶಾಸ್ತ್ರ ಮುಗಿಸಿ, ಮೂರೋ ಐದೋ ತಿಂಗಳಿಗೆ ತಾಯಿ ಮಗು ಬಳ್ಳಾರಿಗೆ ಮರಳುವಾಗ ಜೊತೆಗೆ ಅಜ್ಜಿ ಹೊರಡುತ್ತಾರೆ. ಅಜ್ಜಿಯ ಹಿಂದೆ ಅಂಟಿನುಂಡೆಯ ಡಬ್ಬಿ, ಬಾಣಂತಿಯ ಖಾರದ ಪುಡಿ, ಎರಡು ಸೂಟ್‌ಕೇಸು, ಮಡಚುವ ತೊಟ್ಟಿಲು, ಬಟ್ಟೆಯ ಗಂಟು ಹೊರಡುತ್ತವೆ. ಹಿಂದಿನ ಸೀಟಿನಲ್ಲಿ ಮಗುವಿನ ಸೀಟು (ಕೂಸನ್ನು ಪಟ್ಟಿಯಿಂದ ಬಿಗಿದು ಕೂರಿಸುವ ಪುಟ್ಟ ಆಸನ), ಪಕ್ಕದಲ್ಲಿ ತಾಯಿ, ಇನ್ನೊಂದು ಬದಿಗೆ ಅಜ್ಜಿ. ಶೋರೂಮಿನಲ್ಲಿ ನೀವಿಬ್ಬರೂ ಮುಂದೆ ಕುಳಿತು ಟಚ್‌ಸ್ಕ್ರೀನ್ ಒತ್ತಿ ನೋಡುತ್ತಿದ್ದಾಗ ಈ ಯಾವುದೂ ಕಣ್ಣಿಗೆ ಬಿದ್ದಿರುವುದಿಲ್ಲ.

ಆದ್ದರಿಂದ ಸಂಘದಲ್ಲಿ ನಾವು ಹೇಳುವುದು ಇಷ್ಟು: ಕಾರನ್ನು ಹಿಂದಿನ ಸೀಟಿನಿಂದ ನೋಡಿ. ಟೆಸ್ಟ್ ಡ್ರೈವ್‌ಗೆ ಹೋಗುವಾಗ ಮಂಡಿನೋವಿರುವ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಅಮ್ಮ ಊರಿನಲ್ಲಿದ್ದರೆ ಪಕ್ಕದ ಮನೆಯ ಅಜ್ಜಿಯಾದರೂ ಸರಿ, ಖುಷಿಯಿಂದ ಬರುತ್ತಾರೆ. ಅವರು ಯಾರ ಕೈಯನ್ನೂ ಹಿಡಿಯದೆ ಕುಳಿತು, ಎದ್ದು ಇಳಿಯುವಂತಿರಬೇಕು. ಡಿಕ್ಕಿ ಹಿಂದಕ್ಕೆ ಚಾಚಿದ ಸೆಡಾನ್ ಕಾರುಗಳ ಸೀಟು ತಗ್ಗಿನಲ್ಲಿರುವುದರಿಂದ ಹಳ್ಳಕ್ಕೆ ಇಳಿದು ಹತ್ತಿದಂತಾಗುತ್ತದೆ. ಡಿಕ್ಕಿ ಹೊರಚಾಚದ ಎತ್ತರದ ಹ್ಯಾಚ್‌ಬ್ಯಾಕ್ ಅಥವಾ ಚಿಕ್ಕ ಎಸ್‌ಯುವಿಯಲ್ಲಿ ಕುರ್ಚಿಯ ಮೇಲೆ ಕುಳಿತಂತಿರುತ್ತದೆ. ಮುಂದೆ ಮಗುವನ್ನು ಸೀಟಿನಲ್ಲಿ ಕೂರಿಸಿ ಪಟ್ಟಿ ಬಿಗಿಯುವಾಗ ನಿಮ್ಮ ಸೊಂಟಕ್ಕೂ ಈ ಎತ್ತರವೇ ಆಸರೆ.

ಮಗುವಿನ ಸೀಟಿನ ವಿಷಯದಲ್ಲಿ ನಮ್ಮ ಜನ ಮೂಗು ಮುರಿಯುತ್ತಾರೆ. ತಾಯಿಯ ಮಡಿಲಿಗಿಂತ ಭದ್ರ ಜಾಗ ಯಾವುದಿದೆ ಎನ್ನುತ್ತಾರೆ. ಮನೆಯಲ್ಲಿ ಆ ಮಾತು ನಿಜ, ಹೆದ್ದಾರಿಯಲ್ಲಿ ಅಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಗಕ್ಕನೆ ಗುದ್ದಿ ನಿಂತರೆ ನಾಲ್ಕು ಕಿಲೋ ತೂಕದ ಕೂಸನ್ನು ಹಿಡಿದುಕೊಳ್ಳುವ ಶಕ್ತಿ ಯಾರ ಕೈಗೂ ಇಲ್ಲ. ಕಾನೂನೂ ಇದನ್ನೇ ಹೇಳುತ್ತದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ. ಎಳೆಯ ಕೂಸಿನ ಸೀಟನ್ನು ಕಾರಿನ ಹಿಂಭಾಗಕ್ಕೆ ಮುಖ ಮಾಡಿ ಕಟ್ಟಬೇಕು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಾಗೆ ಕಟ್ಟಲೇಬಾರದು. ಏರ್‌ಬ್ಯಾಗ್ ಸಿಡಿದರೆ ಆ ಪೆಟ್ಟು ನೇರವಾಗಿ ಮಗುವಿನ ಸೀಟಿಗೇ ಬೀಳುತ್ತದೆ. ಹೀಗೆ ಹಿಂದಕ್ಕೆ ತಿರುಗಿಸಿ ಕಟ್ಟಿದ ಸೀಟು ಬಹಳ ಜಾಗ ನುಂಗುತ್ತದೆ. ಮುಂದಿನ ಸೀಟನ್ನು ಎಷ್ಟು ಮುಂದಕ್ಕೆ ಎಳೆಯಬೇಕಾಗುತ್ತದೆ, ಆಗ ಮುಂದೆ ಕುಳಿತವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತದೆಯೇ ಎಂಬುದನ್ನು ಅಲ್ಲೇ ಪರೀಕ್ಷಿಸಿ. ಸಂಘದ ಸದಸ್ಯರೊಬ್ಬರ ಮನೆಯಲ್ಲಿರುವ ಮಗುವಿನ ಸೀಟನ್ನು ಇದೇ ಕೆಲಸಕ್ಕೆ ಎರವಲು ಕೊಡುತ್ತೇವೆ. ಶೋರೂಮಿನವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಹಿಂದಿನ ಸೀಟಿನ ಸಂದಿಯಲ್ಲಿ ಐಸೋಫಿಕ್ಸ್ ಕೊಕ್ಕೆಗಳು (ಮಗುವಿನ ಸೀಟನ್ನು ಸಿಕ್ಕಿಸುವ ಲೋಹದ ಕೊಂಡಿಗಳು) ಇವೆಯೇ ಎಂದು ಬೆರಳು ಹಾಕಿ ನೋಡಿ. ಇದ್ದರೆ ಮಗುವಿನ ಸೀಟು ಬೆಲ್ಟಿನ ಹಂಗಿಲ್ಲದೆ ಭದ್ರವಾಗಿ ಕೂರುತ್ತದೆ. 2023ರ ಅಕ್ಟೋಬರ್ 1ರಿಂದ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆ ನಡೆಯುತ್ತಿದೆ. ಅದರಲ್ಲಿ ದೊಡ್ಡವರ ರಕ್ಷಣೆಗೂ ಮಕ್ಕಳ ರಕ್ಷಣೆಗೂ ಬೇರೆ ಬೇರೆ ಅಂಕಗಳಿವೆ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ನಕ್ಷತ್ರಗಳನ್ನು ಬಿಟ್ಟು ಮಕ್ಕಳ ಅಂಕವನ್ನು ಕೇಳಿ.

ಬಿಸಿಲು ಮತ್ತು ಕೆಂಪು ಧೂಳು

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಊರಿನವರೇ ನಗೆಯಾಡುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಮಡಿಕೇರಿಯಿಂದಲೋ ಮೂಡಿಗೆರೆಯಿಂದಲೋ ಬಂದವರಿಗೆ ಮೊದಲ ಬೇಸಿಗೆಯಲ್ಲಿ ಇದು ಅರ್ಥವಾಗುತ್ತದೆ, ಆದರೆ ಆ ಹೊತ್ತಿಗೆ ಕಾರು ಮನೆಗೆ ಬಂದಿರುತ್ತದೆ. ಹಿಂದಿನ ಸೀಟಿಗೆ ಬೇರೆ ಎಸಿ ಕಿಂಡಿ ಇರುವ ಕಾರನ್ನೇ ಆರಿಸಿ. ಹಿಂದಕ್ಕೆ ಮುಖ ಮಾಡಿ ಕುಳಿತ ಕೂಸಿಗೆ ಮುಂದಿನ ಕಿಂಡಿಯ ಗಾಳಿ ಸೀಟಿನ ಬೆನ್ನಿಗೆ ತಡೆದು ನಿಲ್ಲುತ್ತದೆ. ಸನ್‌ರೂಫ್‌ಗೆ ಕೊಡುವ ಹಣವನ್ನು ಈ ಕಿಂಡಿಗೆ ಕೊಡಿ. ಈ ಊರಿನಲ್ಲಿ ಸೂರ್ಯನಿಗೆ ಮತ್ತೊಂದು ಬಾಗಿಲು ತೆರೆದು ಕರೆಯುವ ಅಗತ್ಯ ಖಂಡಿತ ಇಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಬಿಳಿ ಕಾರಿನ ಮೇಲೆ ಕೆಂಪು ಧೂಳು ಎದ್ದು ಕಾಣುತ್ತದೆ, ಆದರೆ ಬಿಸಿಲಿಗೆ ಕಡಿಮೆ ಕಾಯುತ್ತದೆ. ಕಪ್ಪು ಕಾರು ಮಧ್ಯಾಹ್ನದ ಹೊತ್ತಿಗೆ ಒಲೆಯಾಗುತ್ತದೆ. ನನ್ನ ಮತ ಬಿಳಿಗೆ. ತೊಳೆಯುವ ಕಷ್ಟ ನನ್ನದು, ಕೂಸಿನದಲ್ಲವಲ್ಲ. ಎಂಥ ಕಾರಾದರೂ ಮಗುವನ್ನು ಒಳಗೆ ಬಿಟ್ಟು ಒಂದು ನಿಮಿಷ ಎಂದು ಅಂಗಡಿಗೆ ಇಳಿಯಬೇಡಿ. ಮುಚ್ಚಿದ ಕಾರು ನೋಡನೋಡುತ್ತಿದ್ದಂತೆ ಕಾಯುತ್ತದೆ. ಬೆಲ್ಟಿನ ಲೋಹದ ಕೊಂಡಿಯನ್ನು ಮುಟ್ಟಿ ನೋಡಿಯೇ ಮಗುವಿಗೆ ಹಾಕಬೇಕು.

ಸಂಡೂರು, ತೋರಣಗಲ್ಲು, ಹೊಸಪೇಟೆ ದಾರಿಗಳಲ್ಲಿ ಅದಿರಿನ ಲಾರಿಗಳ ಹಿಂದೆ ಹೋಗುವವರಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಕಂಪನಿಯ ಕೈಪಿಡಿಯಲ್ಲಿ ಬರೆದ ಅಂತರಕ್ಕೆ ಕಾಯಬೇಡಿ. 5,000 ಕಿಲೋಮೀಟರಿಗೊಮ್ಮೆ ಬಿಚ್ಚಿಸಿ ನೋಡಿ. ಎಸಿಯ ಒಳ ಫಿಲ್ಟರ್ ಅನ್ನೂ ಮರೆಯಬೇಡಿ. ಕೂಸು ಉಸಿರಾಡುವುದು ಅದರ ಮೂಲಕವೇ. ಲಾರಿಯ ಹಿಂದೆ ಇರುವಾಗ ಹೊರಗಿನ ಗಾಳಿಯನ್ನು ಮುಚ್ಚಿ ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತಿಕೊಳ್ಳಿ. ಇಲ್ಲಿಯ ಸೆಖೆಗೆ ಬ್ಯಾಟರಿಯೂ ವೈಪರಿನ ರಬ್ಬರೂ ಮಲೆನಾಡಿನಲ್ಲಿ ಬಂದಷ್ಟು ಕಾಲ ಬರುವುದಿಲ್ಲ. ಟೈರಿಗೆ ಗಾಳಿಯನ್ನು ಬೆಳಗ್ಗೆ, ಗಾಡಿ ಓಡಿಸಿ ಕಾಯುವ ಮೊದಲೇ ಹಾಕಿಸಿ.

ಮೈಲೇಜ್: ನಾನು ಕಲಿತ ಪಾಠ

ಐದಾರು ವರ್ಷದ ಹಿಂದೆ ನಾನು ಹೊಸ ಡೀಸೆಲ್ ಸೆಡಾನ್ ಕೊಂಡೆ. ಮೈಲೇಜ್ ಬರುತ್ತದೆ, ಬೆಂಗಳೂರಿಗೆ ಹಾಯಾಗಿ ಹೋಗಿ ಬರಬಹುದು ಎಂಬ ಆಸೆ. ಬೆಂಗಳೂರಿಗೆ ವರ್ಷಕ್ಕೆ ಮೂರು ಸಲ ಹೋಗುತ್ತಿದ್ದೆವು. ಉಳಿದ ದಿನಗಳಲ್ಲಿ ಗಾಂಧಿನಗರದಿಂದ ಕೌಲ್ ಬಜಾರ್, ರಾಯಲ್ ವೃತ್ತದಿಂದ ಮನೆ, ಅಷ್ಟೇ. 2020ರ ಏಪ್ರಿಲ್‌ನಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲಿನ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಗಾಡಿ ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಓಡಿ ಚೆನ್ನಾಗಿ ಕಾದರೆ ಆ ಮಸಿ ಸುಟ್ಟುಹೋಗುತ್ತದೆ. ಊರೊಳಗೆ ಮೂರು, ನಾಲ್ಕು ಕಿಲೋಮೀಟರ್ ಓಡಿಸಿ ನಿಲ್ಲಿಸುತ್ತಿದ್ದರೆ ಮಸಿ ಕಟ್ಟಿಕೊಂಡು ಎಚ್ಚರಿಕೆಯ ದೀಪ ಉರಿಯುತ್ತದೆ. ನನ್ನ ಗಾಡಿಯಲ್ಲಿ ಅದು ಉರಿದದ್ದು ಹೆಂಡತಿಗೆ ಏಳು ತಿಂಗಳಾಗಿದ್ದಾಗ, ಆಸ್ಪತ್ರೆಗೆ ಹೊರಟ ಬೆಳಗ್ಗೆ. ಆಟೋ ಹಿಡಿದು ಹೋದೆವು. ಮಾರುವಾಗ ಶೋರೂಮಿನವರು ಈ ಮಾತು ಎತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ಸಾಲದ್ದಕ್ಕೆ ಆ ಕಾರಿನ ಹೊಟ್ಟೆ ಸಂಡೂರು ರಸ್ತೆಯ ಪ್ರತಿ ಗುಂಡಿಗೂ ತಾಗುತ್ತಿತ್ತು.

ಬೆಂಗಳೂರು ಇಲ್ಲಿಂದ 300 ಕಿಲೋಮೀಟರಿಗೂ ಹೆಚ್ಚು. ವರ್ಷಕ್ಕೆ ಮೂರು ಸಲದ ಆ ಪ್ರಯಾಣಕ್ಕೆ ಹಂಪಿ ಎಕ್ಸ್‌ಪ್ರೆಸ್ ರೈಲು ಇದೆ, ರಾತ್ರಿ ಮಲಗಿದರೆ ಬೆಳಗ್ಗೆ ಅಲ್ಲಿ. ಕಾರನ್ನು ದಿನನಿತ್ಯದ ಓಡಾಟಕ್ಕೆ ಕೊಳ್ಳಿ, ಹಬ್ಬದ ಓಡಾಟಕ್ಕಲ್ಲ. ತೋರಣಗಲ್ಲಿಗೆ ದಿನಾಲೂ ಹೋಗಿ ಬರುವುದು ಸುಮಾರು 60 ಕಿಲೋಮೀಟರ್ ಆಗುತ್ತದೆ. ಅದನ್ನು ಸ್ವಂತ ಕಾರಿನಲ್ಲೇ ಮಾಡುವವರಿಗೆ ಮಾತ್ರ ಡೀಸೆಲ್ ಲೆಕ್ಕಕ್ಕೆ ಬರಬಹುದು. ಕಾರ್ಖಾನೆಯ ಬಸ್ಸಿಗೆ ಹತ್ತುವವರಿಗೆ ಪೆಟ್ರೋಲ್ ಸಾಕು.

ಲೆಕ್ಕ ಮಾಡಿಯೇ ನೋಡೋಣ. ತಿಂಗಳಿಗೆ 1,000 ಕಿಲೋಮೀಟರ್ ಎಂದುಕೊಳ್ಳಿ. ಲೀಟರಿಗೆ 18 ಕೊಡುವ ಕಾರು ಸುಮಾರು 55 ಲೀಟರ್ ಕುಡಿಯುತ್ತದೆ, 22 ಕೊಡುವುದು ಸುಮಾರು 45. ಲೀಟರಿಗೆ 100 ರೂಪಾಯಿ ಹಿಡಿದರೂ ಉಳಿತಾಯ ತಿಂಗಳಿಗೆ ಸಾವಿರ, ವರ್ಷಕ್ಕೆ ಹನ್ನೆರಡು ಸಾವಿರ. ಆ ನಾಲ್ಕು ಕಿಲೋಮೀಟರಿಗಾಗಿ ಎರಡು ಲಕ್ಷ ಹೆಚ್ಚು ಕೊಟ್ಟರೆ ಅದು ಮರಳುವ ಹೊತ್ತಿಗೆ ನಿಮ್ಮ ಮಗು ಪಿಯುಸಿ ಓದುತ್ತಿರುತ್ತದೆ. ಪೆಟ್ರೋಲಿನ ಜೊತೆ ಬ್ಯಾಟರಿಯ ಬಲವನ್ನೂ ಬಳಸುವ ಹೈಬ್ರಿಡ್ ಕಾರುಗಳನ್ನೂ ಇದೇ ತಕ್ಕಡಿಯಲ್ಲಿ ತೂಗಿ. ಕಂಪನಿ ಹೇಳುವ ಮೈಲೇಜ್ ಪ್ರಯೋಗಾಲಯದ ಅಂಕಿ. 24, 25 ಎಂದು ಬರೆದ ಪೆಟ್ರೋಲ್ ಕಾರು ಎಸಿ ಹಾಕಿಕೊಂಡು ಬಳ್ಳಾರಿಯ ಪೇಟೆಯಲ್ಲಿ ಅಷ್ಟು ಕೊಡುವುದಿಲ್ಲ. ಈಗ ಬಂಕುಗಳಲ್ಲಿ ಸಿಗುವ ಶೇ 20 ಎಥನಾಲ್ ಬೆರೆತ ಪೆಟ್ರೋಲಿನಲ್ಲೂ ಮೈಲೇಜ್ ತುಸು ಇಳಿಯುತ್ತದೆ. ಹಳೆಯ ಕಾರು ಕೊಳ್ಳುವವರು 2023ರ ಏಪ್ರಿಲ್ ನಂತರ ತಯಾರಾದದ್ದನ್ನು ಹುಡುಕಿದರೆ ಈ ಪೆಟ್ರೋಲಿನ ಚಿಂತೆ ಕಡಿಮೆ.

ಸಿಎನ್‌ಜಿ ಅಗ್ಗ, ಆದರೆ ಸಿಲಿಂಡರ್ ಡಿಕ್ಕಿಯಲ್ಲಿ ಕೂತರೆ ತೊಟ್ಟಿಲು ಎಲ್ಲಿ ಕೂರಬೇಕು? ಈಚೆಗೆ ಎರಡು ಚಿಕ್ಕ ಸಿಲಿಂಡರುಗಳನ್ನು ಡಿಕ್ಕಿಯ ನೆಲದಡಿ ಇಡುವ ಮಾದರಿಗಳು ಬಂದಿವೆ, ಅವನ್ನು ನೋಡಿ. ಬ್ಯಾಟರಿ ಕಾರು ಬೇಕಿದ್ದವರು ಮೊದಲು ಬಾಡಿಗೆ ಮನೆಯ ಮಾಲೀಕರ ಬಳಿ ಚಾರ್ಜಿಂಗ್ ಮಾತು ಮುಗಿಸಿಕೊಳ್ಳಿ.

ಯಾರನ್ನು ಕೇಳಬೇಕು

ಗಟ್ಟಿ ಗಾಡಿ ಯಾವುದೆಂದು ತಿಳಿಯಲು ಬಳ್ಳಾರಿ ರೈಲು ನಿಲ್ದಾಣದ ಮುಂದಿನ ಬಾಡಿಗೆ ಕಾರಿನವರ ಬಳಿ ಹತ್ತು ನಿಮಿಷ ನಿಲ್ಲಿ. ಗಾಡಿ ಗ್ಯಾರೇಜಿನಲ್ಲಿ ನಿಂತರೆ ಅವರ ಅಂದಿನ ದುಡಿಮೆ ಹೋಯಿತು. ಅದಕ್ಕೇ ಅವರ ಮಾತು ಸೇಲ್ಸ್‌ನವರ ಮಾತಿಗಿಂತ ನೆಟ್ಟಗಿರುತ್ತದೆ. ಕ್ಲಚ್ ಪ್ಲೇಟ್, ಮುಂದಿನ ಬಂಪರ್, ಹೆಡ್‌ಲೈಟ್ ಹಾಳಾದರೆ ಎಷ್ಟು ದಿನದಲ್ಲಿ ಸಿಗುತ್ತದೆ ಎಂದು ಕೇಳಿ. ಹುಬ್ಬಳ್ಳಿಯಿಂದ ಬರಬೇಕು, ಬೆಂಗಳೂರಿನಿಂದ ಬರಬೇಕು ಎನ್ನುವ ಕಾರನ್ನು ಅದು ಎಷ್ಟೇ ಚೆಂದವಿದ್ದರೂ ಬಿಡಿ.

ಹಣ ಮತ್ತು ಕಾಗದ

2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿಗಿಂತ ಉದ್ದವಿಲ್ಲದ, 1200 ಸಿಸಿವರೆಗಿನ ಎಂಜಿನ್ನಿನ ಪೆಟ್ರೋಲ್ ಮತ್ತು 1500 ಸಿಸಿವರೆಗಿನ ಡೀಸೆಲ್ ಕಾರುಗಳ ಮೇಲಿನ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ಅದಕ್ಕಿಂತ ದೊಡ್ಡವಕ್ಕೆ ಶೇ 40. ರಾಜ್ಯದ ಜೀವಾವಧಿ ತೆರಿಗೆ ಇದರ ಮೇಲೆ ಬೇರೆ. ಐದರಿಂದ ಹತ್ತು ಲಕ್ಷದ ಕಾರಿಗೆ ಶೇ 14 ಇದ್ದದ್ದು ಹತ್ತು ಲಕ್ಷ ದಾಟಿದರೆ ಶೇ 17 ಆಗುತ್ತದೆ, ಸೆಸ್ ಪ್ರತ್ಯೇಕ. ಅಲಾಯ್ ಚಕ್ರದ ಆಸೆಗೆ ಈ ಗೆರೆ ದಾಟಿದವರನ್ನು ನಾವು ಕಂಡಿದ್ದೇವೆ. ನೋಂದಣಿ, ವಿಮೆ ಸೇರದ ಎಕ್ಸ್‌ಶೋರೂಂ ಬೆಲೆ ನೋಡಿ ಖುಷಿಪಡದೆ ಎಲ್ಲವೂ ಸೇರಿದ ಆನ್‌ರೋಡ್ ಬೆಲೆಯನ್ನು ಕಾಗದದಲ್ಲಿ ಬರೆಸಿಕೊಳ್ಳಿ.

ಹಳೆಯ ಕಾರು ಕೊಳ್ಳುವವರಿಗೆ ಗಡಿಯ ಊರಿನ ಒಂದು ಎಚ್ಚರಿಕೆ. ಗುಂತಕಲ್, ಆದೋನಿ, ರಾಯದುರ್ಗ ಇಲ್ಲಿಗೆ ಹತ್ತಿರ. ಆಂಧ್ರದ ನಂಬರಿನ ಕಾರು ಅಗ್ಗಕ್ಕೆ ಸಿಕ್ಕಿತು ಎಂದು ತಂದರೆ ಅಲ್ಲಿನ ನಿರಾಕ್ಷೇಪಣಾ ಪತ್ರ (ಎನ್‌ಒಸಿ), ಇಲ್ಲಿನ ಜೀವಾವಧಿ ತೆರಿಗೆ, ಹೊಸ ನೋಂದಣಿ ಎಂದು ಓಡಾಡಿ ಅಗ್ಗವೆಲ್ಲ ಕರಗುತ್ತದೆ. ಕೆಎ-34 ಬಳ್ಳಾರಿಯದು, 35 ಹೊಸಪೇಟೆ, 36 ರಾಯಚೂರು, 37 ಕೊಪ್ಪಳ. ಈ ನಂಬರಿನ ಗಾಡಿ ಕೊಂಡರೆ ನಮೂನೆ 29 ಮತ್ತು 30ರಲ್ಲಿ ವರ್ಗಾವಣೆ ಮುಗಿಯುತ್ತದೆ. ನೋಂದಣಿ ಪತ್ರದಲ್ಲಿ (ಆರ್‌ಸಿ) ಸಾಲ ಕೊಟ್ಟ ಬ್ಯಾಂಕಿನ ಹೆಸರಿದ್ದರೆ ಮೊದಲು ನಮೂನೆ 35 ಕೊಟ್ಟು ಅದನ್ನು ತೆಗೆಸಬೇಕು. ನಿಮ್ಮ ಹಳೆಯ ಊರಿನಿಂದಲೇ ಕಾರು ತಂದಿದ್ದರೆ ರಾಜ್ಯದೊಳಗೆ ನಂಬರ್ ಬದಲಿಸುವ ಗೋಜಿಲ್ಲ, ವಿಳಾಸ ಬದಲಾವಣೆಯನ್ನು 30 ದಿನದೊಳಗೆ ತಿಳಿಸಬೇಕು.

ಕಾರು ಮನೆಗೆ ಬಂದು, ಶುಭ ಸುದ್ದಿಯೂ ಬಂದ ಮೇಲೆ ಏಳನೆಯ ತಿಂಗಳಿಗೆ ಮಗುವಿನ ಸೀಟು ತಂದಿಟ್ಟುಕೊಳ್ಳಿ. ಹುಟ್ಟುವ ಮೊದಲು ಕೂಸಿಗೆಂದು ಏನನ್ನೂ ಕೊಳ್ಳಬಾರದು ಎನ್ನುವ ಹಿರಿಯರು ಮನೆಯಲ್ಲಿದ್ದರೆ ಅವರೊಡನೆ ವಾದ ಬೇಡ, ಸಂಘದ ಯಾರ ಮನೆಯಲ್ಲಾದರೂ ಇಟ್ಟಿರಿ. ಅದನ್ನು ಕಟ್ಟಿ ಬಿಚ್ಚುವುದನ್ನು ಗಂಡ ಹೆಂಡತಿ ಇಬ್ಬರೂ ಕಲಿಯಬೇಕು. ನಾವು ಐದು ಕಿಲೋ ಅಕ್ಕಿಯ ಚೀಲಕ್ಕೆ ಟೋಪಿ ಹಾಕಿ, ಪಟ್ಟಿ ಬಿಗಿದು, ಕೋಟೆಯ ಗುಡ್ಡವನ್ನು ಒಂದು ಸುತ್ತು ಹಾಕಿ ಬಂದಿದ್ದೆವು. ಮೊದಲ ತಿರುವಿನಲ್ಲೇ ಚೀಲ ವಾಲಿತು. ಅಂದೇ ಮನೆಗೆ ಬಂದು ಪಟ್ಟಿಯನ್ನು ಇನ್ನಷ್ಟು ಬಿಗಿ ಮಾಡಿದೆವು.